ಒಕ್ಕಣ್ಣವ್ವನ ನೆರಳು

ಅಡಿವೆವ್ವನಿಗೆ ಹೊಲ ಇರಲಿಲ್ಲ. ಗಂಡ ಸತ್ತ ಮೇಲೆ ಹೋಯಿತು ಎಂದೇನೂ ಅಲ್ಲ, ಗಂಡ ಇದ್ದಾಗಲೂ ಇರಲಿಲ್ಲ. ಅವಳಿಗಿದ್ದದ್ದು ಹುಣಸೆ ಮರಗಳು. ಅವು ನಿಂತ ನೆಲವೂ ಅವಳದಲ್ಲ.

ಹಾನಗಲ್ಲಿನಿಂದ ತಡಸಕ್ಕೆ ಹೋಗುವ ರಸ್ತೆ ಬಿಟ್ಟು ಒಳಗೆ ನಡೆದರೆ ಬಸರೀಕೊಪ್ಪ. ಊರಿನ ಪಶ್ಚಿಮಕ್ಕೆ ಒಂದು ದಿನ್ನೆ. ದಿನ್ನೆಯ ನೆತ್ತಿಯಲ್ಲಿ ಲಂಟಾನದ ಪೊದೆ ಮತ್ತು ಕಲ್ಲು. ಊರ ಕಡೆಯ ಇಳಿಜಾರಿನಲ್ಲಿ ಹದಿನಾಲ್ಕು ಹುಣಸೆ, ಎರಡು ಬೇವು. ಇಡೀ ದಿನ್ನೆ ಗಾಯರಾಣ, ದನ ಮೇಯಲು ಬಿಟ್ಟ ಸರಕಾರಿ ನೆಲ. ಮರಗಳ ನಡುವೆ ಕಲ್ಲು-ಮಣ್ಣಿನ ಒಂದು ಕಟ್ಟೆ, ಅದರ ಮೇಲೆ ಮೊಣಕಾಲೆತ್ತರದ ಒಂದು ಕಲ್ಲು. ಕಲ್ಲಿನ ತಲೆಯ ಮೇಲೆ ದುಂಡಗೆ ಕೊರೆದ ಗೆರೆ, ಗೆರೆಯ ನಡುವೆ ಒಂದು ಸಣ್ಣ ಕುಳಿ. ಊರವರಿಗೆ ಅದು ದೇವಿಯ ಕಣ್ಣು. ಕಣ್ಣು ಒಂದೇ ಇದ್ದುದರಿಂದ ದೇವಿಯ ಹೆಸರು ಒಕ್ಕಣ್ಣವ್ವ.

ದೇವಿಯ ಮೇಲೆ ನೆರಳು ಚೆಲ್ಲುವ ಮರ ದೇವಿಗೆ ಸೇರಿದ್ದು, ದೇವಿಗೆ ದಿನಾ ನೀರು ಹಾಕುವ ಮನೆಯವರು ಅದರ ಹಣ್ಣು ಇಳಿಸಿಕೊಳ್ಳಬೇಕು ಎಂಬುದು ಆ ಊರಿನ ಪದ್ಧತಿ. ಅಡಿವೆವ್ವನ ಮನೆಯವರು ಮೂರು ತಲೆಮಾರಿನಿಂದ ನೀರು ಹಾಕುತ್ತಿದ್ದರು. ಶಿವರಾತ್ರಿ ಮುಗಿದ ಮೇಲೆ ಮಗ ಫಕ್ಕೀರಪ್ಪ ಮರ ಹತ್ತಿ ಗಳದಿಂದ ಹಣ್ಣು ಬಡಿಯುತ್ತಿದ್ದ. ಅತ್ತೆ ಸೊಸೆ ಅಂಗಳದಲ್ಲಿ ಕುಳಿತು ಸಿಪ್ಪೆ, ನಾರು, ಬೀಜ ತೆಗೆದು ಉಪ್ಪು ಹಾಕಿ ಮುದ್ದೆ ಕಟ್ಟುತ್ತಿದ್ದರು. ಹುಲಗೂರಿನ ಹಸನಸಾಬ ಚಕ್ಕಡಿ ತಂದು ಒಯ್ಯುತ್ತಿದ್ದ. ಕೂಲಿ ಸಿಗದ ತಿಂಗಳುಗಳಲ್ಲಿ ಆ ಮನೆ ಹುಣಸೆಯ ಮೇಲೆ ನಿಲ್ಲುತ್ತಿತ್ತು.

ಪಂಚಾಯ್ತಿ ಚೇರ್ಮನ್ ಮೈಲಾರಲಿಂಗಪ್ಪನಿಗೆ ಇದು ಸರಿ ಕಂಡಿರಲಿಲ್ಲ. ಹಿಂದಿನ ವರ್ಷದ ಸಭೆಯಲ್ಲಿ ಅವನು, "ಗಾಯರಾಣದ ಗಿಡ ಊರಿಂದು. ಒಂದ ಮನಿಯವ್ರು ಯಾಕ ತಿನಬೇಕು? ಲಿಲಾವ ಮಾಡೂಣು," ಎಂದಿದ್ದ. ಹಿರಿಯರು ಒಪ್ಪಲಿಲ್ಲ. ದೇವಿ ಅಲ್ಲೇ ಭೂಮಿಯಿಂದ ಎದ್ದವಳು, ಅವಳ ನೆರಳನ್ನು ಹರಾಜು ಹಾಕಲು ಬರುವುದಿಲ್ಲ ಎಂದರು. ಮೈಲಾರಲಿಂಗಪ್ಪ ಬಾಯೊಳಗಿನ ಸವಣೂರ ಎಲೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, "ಆತು. ದೇವಿ ಇರೂತನಕ ನಾ ಸುಮ್ನಿರತೇನಿ," ಎಂದ. ಅಡಿವೆವ್ವ ಈ ಮಾತನ್ನು ಮರೆಯಲಿಲ್ಲ.

ಎಂಬತ್ತಮೂರನೆಯ ಇಸವಿಯ ಫೆಬ್ರುವರಿಯಲ್ಲಿ ಊರಿಗೆ ಸರ್ವೆಯವರ ಜೀಪು ಬಂತು. ಹಣ್ಣು ಇನ್ನೂ ಪೂರ್ತಿ ಕಳಿತಿರಲಿಲ್ಲ. ಜೀಪಿನಲ್ಲಿ ನಾಲ್ವರು ಖಲಾಸಿಗಳು, ಎರಡು ಬ್ಯಾಟರಿ, ಒಂದು ತಗಡಿನ ಪೆಟ್ಟಿಗೆ, ಮತ್ತು ವಾದಿರಾಜ. ವಾದಿರಾಜ ಸವಣೂರಿನವನು, ಕನ್ನಡಕದ ತೆಳ್ಳಗಿನ ಹುಡುಗ, ಹೊಸದಾಗಿ ಕೆಲಸಕ್ಕೆ ಸೇರಿದವನು. ಈ ಪೆಟ್ಟಿಗೆ ನಡೆಸುವುದನ್ನು ಹೈದರಾಬಾದಿನಲ್ಲಿ ಕಲಿತು ಬಂದಿದ್ದ. ಬ್ರಿಟಿಷರ ಕಾಲದಲ್ಲಿ ಅಳತೆಗೆಂದು ಎತ್ತರದ ಜಾಗಗಳಲ್ಲಿ ನೆಟ್ಟ ಕಲ್ಲುಗಳನ್ನು ಹುಡುಕಿ, ಅವು ಭೂಮಿಯ ಮೇಲೆ ಸರಿಯಾಗಿ ಎಲ್ಲಿವೆ ಎಂದು ಹೊಸ ಯಂತ್ರದಿಂದ ನೋಡುವುದು ಅವನ ಕೆಲಸ. ಅದಕ್ಕೂ ಮೊದಲು ಹಿರೇಕೆರೂರಿನ ಒಂದು ಬೋಳು ಗುಡ್ಡದ ಮೇಲೆ ಕೆಲಸ ಮುಗಿಸಿದ್ದ. ಅಲ್ಲಿ ಹಳೆಯ ಲೆಕ್ಕಕ್ಕೂ ಯಂತ್ರದ ಲೆಕ್ಕಕ್ಕೂ ಎರಡು ಮೀಟರು ಕೂಡ ಹೆಚ್ಚುಕಡಿಮೆ ಬಂದಿರಲಿಲ್ಲ.

ಅವನ ಹತ್ತಿರವಿದ್ದ ಹಳೆಯ ಕಾರ್ಡಿನಲ್ಲಿ ಈ ಊರಿನ ಕಲ್ಲಿನ ಬಗ್ಗೆ ಅಳತೆಯ ಅಂಕಿಗಳನ್ನು ಬಿಟ್ಟರೆ ಇದ್ದದ್ದು ಎರಡೇ ಸಾಲು: ಬಸರೀಕೊಪ್ಪದ ಪಶ್ಚಿಮದ ದಿನ್ನೆ, ಕಟ್ಟೆಯ ಮೇಲೆ ಗುರುತಿನ ಕಲ್ಲು. ದಿನ್ನೆ ಇತ್ತು, ಕಟ್ಟೆ ಇತ್ತು, ಕಲ್ಲೂ ಇತ್ತು. ಕಲ್ಲಿನ ಮೇಲೆ ಬೆರಳು ದಪ್ಪ ಅರಿಸಿನ ಕುಂಕುಮ ಗಟ್ಟಿಯಾಗಿತ್ತು. ವಾದಿರಾಜ ತೆಂಗಿನಕಾಯಿ ಒಡೆಸಿ, ಅಡಿವೆವ್ವನ ಕೈಯಿಂದಲೇ ತಲೆಯ ಮೇಲಿನ ಕುಂಕುಮ ಒರೆಸಿಸಿದ. ದುಂಡು ಗೆರೆ ಕಂಡಿತು, ನಡುವಿನ ಕುಳಿ ಕಂಡಿತು.

"ಇದೇ ನಮ್ಮ ಕಲ್ಲು," ಎಂದ.

"ಅಲ್ಲ ಬಿಡ್ರಿ, ಅದು ನಮ್ಮ ದೇವಿ," ಎಂದ ಊರಿನ ವಾಲೀಕಾರ ಚೌಡಪ್ಪ. ಅರವತ್ತು ದಾಟಿದವನು, ಸರಕಾರದವರು ಯಾರೇ ಬಂದರೂ ಹಿಂದೆ ತಿರುಗುವುದು ಅವನ ಉದ್ಯೋಗ.

ಖಲಾಸಿಗಳು ಕಲ್ಲಿನ ಮೇಲೆ ಮುಕ್ಕಾಲಿ ನಿಲ್ಲಿಸಿ ಅದರ ತುದಿಗೆ ತಟ್ಟೆಯಂಥ ಆಂಟೆನಾ ಕೂರಿಸಿದರು. ಅಲ್ಲಿಂದ ತಂತಿ ಎಳೆದು ಪೆಟ್ಟಿಗೆಗೆ ಸಿಕ್ಕಿಸಿದರು. ಊರ ಗಂಡಸರು ಅರ್ಧ ಜನ ಅಲ್ಲೇ ಕುಳಿತಿದ್ದರು.

"ಸಾಹೇಬ್ರ, ಇದರಾಗ ಹಾಡ ಬರತಾವೇನ್ರಿ?" ಎಂದು ಚೌಡಪ್ಪ ಕೇಳಿದ.

"ಹಾಡು ಬರಂಗಿಲ್ಲ. ಮ್ಯಾಲೆ ಉಪಗ್ರಹ ತಿರುಗತಾವ. ಅವುಗಳ ದನಿ ಕೇಳ್ತದ."

"ಏನಂತಾವ್ರಿ ಅವು?"

"ಏನೂ ಅನ್ನಂಗಿಲ್ಲ, ಬರೇ ದನಿ. ತಡಸದ ಕ್ರಾಸಿನ್ಯಾಗ ನಿಂತಾಗ ಲಾರಿ ಹಾರ್ನ್ ಹೊಡಕೋತ ಬರತದಲ್ಲ, ನಿಮ್ಮನ್ನ ದಾಟಿದ ಕೂಡಲೆ ದನಿ ಇಳೀತದ. ಹಂಗ. ದನಿ ಯಾವಾಗ ಇಳೀತು, ಎಷ್ಟು ಇಳೀತು ಅಂತ ನೋಡಿ, ನಾವು ಎಲ್ಲಿ ನಿಂತೀವಿ ಅಂತ ಇದು ಹೇಳ್ತದ."

"ನಾವು ಬಸರೀಕೊಪ್ಪದಾಗ ನಿಂತೀವ್ರಿ. ಇಷ್ಟಕ್ಕ ಪೆಟಿಗಿ ಯಾಕ ತಂದ್ರಿ, ನನ್ನ ಕೇಳಿದ್ರ ಆಗತಿತ್ತು."

ಎಲ್ಲರೂ ನಕ್ಕರು. ವಾದಿರಾಜನೂ ನಕ್ಕ.

ಯಂತ್ರ ಮಾತ್ರ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಉಪಗ್ರಹ ಒಂದು ದಿಗಂತದಿಂದ ಎದ್ದು ಇನ್ನೊಂದರಲ್ಲಿ ಮುಳುಗುವ ತನಕ ದನಿ ಕಡಿಯದೆ ಬರಬೇಕು. ಇಲ್ಲಿ ಮೇಲೆಲ್ಲ ಹುಣಸೆಯ ದಟ್ಟ ಎಲೆ, ಟೊಂಗೆ. ದನಿ ಸಿಕ್ಕುತ್ತಿತ್ತು, ತಪ್ಪುತ್ತಿತ್ತು. ಉಪಗ್ರಹ ಹೀಗೆ ದಾಟಿಹೋದ ಬಹುಪಾಲು ಸರದಿಗಳನ್ನು ಯಂತ್ರ ತಾನೇ ಕೆಲಸಕ್ಕೆ ಬಾರದವು ಎಂದು ತಳ್ಳಿಹಾಕುತ್ತಿತ್ತು. ಉಳಿದ ಕೆಲವನ್ನು ಸೇರಿಸಿ ಅದು ಕೊಟ್ಟ ಉತ್ತರ ಕಾರ್ಡಿನ ಲೆಕ್ಕಕ್ಕೆ ಕೂಡಲಿಲ್ಲ. ಕಲ್ಲು ಇರಬೇಕಾದ ಜಾಗಕ್ಕಿಂತ ಅರವತ್ತು ಮೀಟರು ಪೂರ್ವಕ್ಕೆ ಇದೆ ಎಂದು ಅದು ಹೇಳುತ್ತಿತ್ತು.

ವಾದಿರಾಜ ದಡ್ಡನಲ್ಲ. ಯಂತ್ರ ತಪ್ಪಿರಬೇಕು, ಇಲ್ಲವೆ ಕಲ್ಲು ಸರಿದಿರಬೇಕು ಎಂದು ಅವನಿಗೆ ಹೊಳೆಯಿತು. ದಿನ್ನೆಯ ನೆತ್ತಿಗೆ ಹೋಗಿ ನೋಡಿ ಬಂದ. ಲಂಟಾನದ ಪೊದೆ, ಚದುರಿದ ಕಲ್ಲುಗಳ ಹೊರತು ಏನೂ ಕಾಣಲಿಲ್ಲ. ಕೆಳಗೆ ಬಂದು, ಕಟ್ಟೆಗೆ ಸಗಣಿ ಸಾರಿಸುತ್ತಿದ್ದ ಅಡಿವೆವ್ವನನ್ನು ಕೇಳಿದ.

"ಯವ್ವಾ, ಈ ಕಲ್ಲು ಮೊದಲಿಂದ ಇಲ್ಲೇ ಅದನೇನು? ಯಾರರೆ ಬ್ಯಾರೆ ಕಡೆಯಿಂದ ತಂದು ಇಟ್ಟಾರೇನು?"

ಮೈಲಾರಲಿಂಗಪ್ಪ ಹತ್ತು ಮಾರು ದೂರದಲ್ಲಿ ಬೇವಿನ ಬುಡಕ್ಕೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಹಚ್ಚುವ ಬೆರಳು ನಿಂತಿತು.

"ಇಲ್ರಿ," ಎಂದಳು ಅಡಿವೆವ್ವ. "ತಾಯಿ ಇಲ್ಲೇ ಎದ್ದಾಳ. ಹುಣಸಿ ಬೇರಿನ ಸಂದ್ಯಾಗ."

"ಖರೇ ಹೇಳ್ತೀರೇನು?"

"ದೇವರ ವಿಷಯದಾಗ ಯಾರರೆ ಸುಳ್ಳ ಹೇಳ್ತಾರೇನ್ರಿ?"

ವಾದಿರಾಜ ಚೌಡಪ್ಪನ ಕಡೆ ನೋಡಿದ. ಚೌಡಪ್ಪ ಜೀಪಿನ ಗಾಲಿಯ ಕಡೆ ನೋಡುತ್ತಿದ್ದ.

ಅಡಿವೆವ್ವ ಹೇಳಿದ್ದು ಸುಳ್ಳು. ಕಲ್ಲು ಮೊದಲು ದಿನ್ನೆಯ ನೆತ್ತಿಯಲ್ಲಿ, ಬ್ರಿಟಿಷರು ಕಟ್ಟಿಸಿದ ಕಟ್ಟೆಯ ಮೇಲಿತ್ತು. ದನಕಾಯುವವರು ಹೋಗುತ್ತ ಬರುತ್ತ ಅದಕ್ಕೆ ಕುಂಕುಮ ಹಚ್ಚುತ್ತಿದ್ದರು. ಎರಡನೆಯ ಮಹಾಯುದ್ಧ ನಡೆದಿದ್ದ ಕಾಲದಲ್ಲಿ ಒಂದು ವರ್ಷ ಮಳೆ ಹಿಂದೆಬಿತ್ತು. ಮಳೆ ತಡವಾದರೆ ದೇವರ ಮೈ ಉರಿಯುತ್ತಿದೆ ಎಂದು ತಿಳಿದು ಕೊಡಗಟ್ಟಲೆ ನೀರು ಸುರಿಯುವುದು ಆ ಕಡೆಯ ರೂಢಿ. ಆ ವರ್ಷ ಸುರಿಯಲು ನೀರೂ ಇರಲಿಲ್ಲ. ಅಡಿವೆವ್ವನ ಮಾವ ಶಿದ್ಲಿಂಗಪ್ಪ, ನೀರಿಲ್ಲದಿದ್ದರೆ ನೆರಳಾದರೂ ಮಾಡೋಣ ಎಂದು, ತನ್ನ ಮೈದುನನನ್ನೂ ಆಗಿನ್ನೂ ಮೀಸೆ ಮೂಡುತ್ತಿದ್ದ ಚೌಡಪ್ಪನನ್ನೂ ಕರೆದುಕೊಂಡು, ಒಂದು ನಸುಕಿನಲ್ಲಿ ಕಲ್ಲನ್ನು ಕಿತ್ತು ಹೊತ್ತು ತಂದು ಹುಣಸೆಯ ಕೆಳಗೆ ಹೊಸ ಕಟ್ಟೆ ಕಟ್ಟಿ ನಿಲ್ಲಿಸಿದ. ಹದಿನೈದು ದಿನದಲ್ಲಿ ಮಳೆ ಬಂತು. ಬರುವ ಕಾಲವೂ ಅದೇ ಆಗಿತ್ತು. ಮೊದಮೊದಲು ಜನ, ತಾಯಿ ಬಿಸಿಲು ತಾಳದೆ ತಾನೇ ಇಳಿದು ಬಂದಳು ಎಂದರು. ವರ್ಷಗಳು ಕಳೆದಂತೆ ಕಥೆ ಇನ್ನೂ ಮೊಟಕಾಯಿತು: ತಾಯಿ ಅಲ್ಲೇ ಎದ್ದಳು. ಈಗ ಹೊತ್ತು ತಂದದ್ದನ್ನು ಬಲ್ಲವರು ಇಬ್ಬರೇ ಉಳಿದಿದ್ದರು, ಚೌಡಪ್ಪ ಮತ್ತು ಅಡಿವೆವ್ವ. ಅಡಿವೆವ್ವ ಸೊಸೆಯಾಗಿ ಬಂದ ವರ್ಷ ಅತ್ತೆ ಯಂಕವ್ವ ಅವಳಿಗೆ ಇದನ್ನು ಹೇಳಿದ್ದಳು. ಹೇಳಿ, "ಯಾರ ಮುಂದೂ ಅನಬ್ಯಾಡ. ಹೊತ್ತ ತಂದದ್ದು ಅಂದ್ರ ಹೊತ್ತ ಒಯ್ಯಾಕೂ ಬರತೈತಿ. ಎದ್ದಾಳ ಅಂದ್ರ ಯಾರೂ ಅಲಗಸಾಂಗಿಲ್ಲ," ಎಂದಿದ್ದಳು.

ದೇವಿ ಅಲ್ಲಿ ಎದ್ದದ್ದರಿಂದ ಮರ ದೇವಿಯವು, ಮರ ದೇವಿಯವಾದ್ದರಿಂದ ಹಣ್ಣು ಅಡಿವೆವ್ವನದು. ಮೊದಲನೆಯದು ಬಿದ್ದರೆ ಉಳಿದೆರಡೂ ಬೀಳುತ್ತಿದ್ದವು.

ವಾದಿರಾಜನಿಗೆ ಇನ್ನೊಂದು ದಾರಿ ಗೊತ್ತಿತ್ತು. ಇಂಥ ಕಲ್ಲು ನೆಡುವಾಗ ಬ್ರಿಟಿಷರು ಅದರ ಕೆಳಗೆ ಎರಡು ಅಡಿ ಆಳದಲ್ಲಿ ಅದೇ ಗುರುತಿನ ಇನ್ನೊಂದು ಕಲ್ಲು ಹೂಳುತ್ತಿದ್ದರು. ಮೇಲಿನದು ಹಾಳಾದರೂ ಜಾಗ ತಪ್ಪಬಾರದು ಎಂದು. ಕಟ್ಟೆ ಅಗೆದು ನೋಡಿದರೆ ಒಂದು ತಾಸಿನ ಕೆಲಸ. ಅವನು ಇದನ್ನು ಊರವರಿಗೆ ಹೇಳಿದ. ಅಡಿವೆವ್ವನೇ ಮೊದಲು ಬಾಯಿ ತೆರೆದಳು.

"ದೇವಿನ್ನ ಎಬ್ಬಸಬ್ಯಾಡ್ರಿ."

ಮೈಲಾರಲಿಂಗಪ್ಪ ದೊಡ್ಡ ಭಕ್ತನೇನಲ್ಲ. ಆದರೆ ಇವನು ಚೇರ್ಮನ್ ಇದ್ದಾಗ ದೇವಿಯನ್ನು ಅಗೆದರು ಎಂಬ ಮಾತು ಅವನಿಗೆ ಬೇಡವಾಗಿತ್ತು. "ಆಕಿ ಅನ್ನೂದು ಬರೋಬ್ಬರಿ ಐತ್ರಿ ಸಾಹೇಬ್ರ. ದೇವಿನ್ನ ಎಬ್ಬಸಿದ್ರ ಊರಿಗೆ ಕೇಡ. ನಿಮಗ ಅಡ್ಡ ಬರಾಕತ್ತಿದ್ದು ಗಿಡ ಹೌದಲ್ಲೋ? ಗಿಡ ಕಡೀರಿ. ಗಾಯರಾಣದ ಗಿಡ, ಪಂಚಾಯ್ತಿ ಹೂಂ ಅಂತೈತಿ," ಎಂದ. ಹೇಳುವಾಗ ಅಡಿವೆವ್ವನ ಕಡೆ ನೋಡಲಿಲ್ಲ.

ಅಡಿವೆವ್ವ ಸಗಣಿಯ ಕೈ ಒರೆಸಿಕೊಂಡಳು. "ಟೊಂಗಿ ಕಡೀರಿ. ಬುಡ ಬಿಡ್ರಿ," ಎಂದಳು. ಹುಣಸೆಯ ಟೊಂಗೆ ಮತ್ತೆ ಚಿಗುರುತ್ತದೆ. ಮೂರು ನಾಲ್ಕು ವರ್ಷ ಹಣ್ಣು ಕಡಿಮೆಯಾಗುತ್ತದೆ, ಅಷ್ಟೇ.

ಮರ ಹತ್ತುವವರು ಬೇಕಾಗಿತ್ತು. ಖಲಾಸಿಗಳಿಗೆ ಹುಣಸೆಯ ಅಭ್ಯಾಸ ಇರಲಿಲ್ಲ. ಊರಲ್ಲಿ ಆ ಮರಗಳ ಒಂದೊಂದು ಕವಲೂ ಗೊತ್ತಿದ್ದವನು ಫಕ್ಕೀರಪ್ಪ. ವಾದಿರಾಜ ಅವನನ್ನು ದಿನಗೂಲಿಗೆ ತೆಗೆದುಕೊಂಡ. ಸರಕಾರಿ ಕೂಲಿ ಊರಿನ ಕೂಲಿಗಿಂತ ಹೆಚ್ಚಿತ್ತು. ಫಕ್ಕೀರಪ್ಪನಿಗೆ ಮೂವತ್ತರ ಹತ್ತಿರ. ಕಲ್ಲಿನ ಕಥೆ ಅವನಿಗೆ ಊರವರಷ್ಟೇ ಗೊತ್ತಿತ್ತು. ಕೊಡಲಿ ಸೊಂಟಕ್ಕೆ ಸಿಕ್ಕಿಸಿ ಹತ್ತಿದ.

ಟೊಂಗೆಯ ಜೊತೆ ಅರ್ಧ ಹಣ್ಣಾದ ದ್ವಾರಗಾಯಿ ಉದುರಿತು. ಅಡಿವೆವ್ವನೂ ಸೊಸೆ ದುರಗವ್ವನೂ ಅದನ್ನು ಆಯ್ದು ಬುಟ್ಟಿ ತುಂಬಿದರು.

"ಅತ್ತಿ, ಈ ವರ್ಷ ಉಪಗ್ರಹದ ಹುಣಸಿಹಣ್ಣ ಅಂತ ಕೂಗಿ ಮಾರೂಣು ತಗೋ," ಎಂದಳು ದುರಗವ್ವ. "ಒಬ್ಬ ಮಗನ್ನ ಹಡದಿ. ಅಂವ ನೋಡು, ತನ್ನ ಅನ್ನದ ಮ್ಯಾಲ ತಾನ ಕುಂತು ಕಡ್ಯಾಕತ್ತಾನ."

"ಸುಮ್ನ ಆಯಿ. ನೆಲಾ ನೋಡಿ ಆಯಿ," ಎಂದಳು ಅಡಿವೆವ್ವ.

ಸುದ್ದಿ ಕೇಳಿ ಹಸನಸಾಬ ಹುಲಗೂರಿನಿಂದ ಸೈಕಲ್ ತುಳಿದುಕೊಂಡು ಬಂದ. ಬುಟ್ಟಿಯಿಂದ ಒಂದು ಕಾಯಿ ಎತ್ತಿ ಕಚ್ಚಿ, ಉಗುಳಿದ. "ಅಡಿವೆವ್ವಾ, ಇದು ಹಣ್ಣೂ ಅಲ್ಲ, ಕಾಯಿನೂ ಅಲ್ಲ. ಸಾರಿಗೆ ಹಾಕಿದ್ರ ಸಾರು ನನ್ನ ಬೈತೈತಿ."

"ಒಣಗಿಸಿ ಕೊಟ್ಟರ?"

"ಒಣಗಿಸಿದ್ರ ಕಟಗಿ ಆಕ್ಕೈತಿ. ಒಯ್ಯಾಕ ಬಂದೇನಿ, ಒಯ್ತೇನಿ. ಆದ್ರ ನನ್ನ ಕಡೆ ನೋಡಿ ಬೇಸರ ಮಾಡ್ಕೋಬ್ಯಾಡ." ಅರ್ಧ ಬುಟ್ಟಿ ಒಯ್ದ.

ಟೊಂಗೆ ಇಳಿದ ಮೇಲೆ ಯಂತ್ರ ಮೊದಲಿಗಿಂತ ಹೆಚ್ಚು ಸರದಿಗಳನ್ನು ಒಪ್ಪಿತು. ಉತ್ತರ ಬದಲಾಗಲಿಲ್ಲ. ಅದೇ ಅರವತ್ತು ಮೀಟರು, ಅದೇ ಪೂರ್ವಕ್ಕೆ. ವಾದಿರಾಜ ಹಾನಗಲ್ಲಿಗೆ ಹೋಗಿ ಮೇಲಧಿಕಾರಿಗೆ ಟ್ರಂಕ್ ಕಾಲ್ ಮಾಡಿದ. ಕಲ್ಲು ಸರಿದಿರಬಹುದು, ಕಟ್ಟೆ ಅಗೆಯಲು ಜನ ಬಿಡುತ್ತಿಲ್ಲ, ಯಂತ್ರದ ಲೆಕ್ಕ ನಂಬಿ ದಿನ್ನೆಯ ನೆತ್ತಿಯಲ್ಲಿ ಅಗೆದು ನೋಡಬಹುದು, ಇಲ್ಲವೆ ಆಂಟೆನಾವನ್ನು ಮರಗಳ ಹೊರಗೆ ಬಯಲಿನಲ್ಲಿ ಇಟ್ಟು ಅಲ್ಲಿಂದ ಕಲ್ಲಿನ ತನಕ ಟೇಪು ಹಿಡಿದು ಅಳೆಯಬಹುದು ಎಂದ. ಮೇಲಧಿಕಾರಿ ಅವನ ಮಾತು ಪೂರ್ತಿ ಕೇಳಲಿಲ್ಲ. ಆಂಟೆನಾ ಕಲ್ಲಿನ ನೆತ್ತಿಯ ಮೇಲೇ ಇರಬೇಕು, ದಿಗಂತದಿಂದ ಹತ್ತು ಡಿಗ್ರಿಯ ಮೇಲೆ ಯಾವ ಅಡ್ಡವೂ ಇರಬಾರದು, ಅದು ನಿಯಮ. ಆಕಾಶ ತೆರವಿಲ್ಲದೆ ತೆಗೆದ ಲೆಕ್ಕ ಲೆಕ್ಕವೇ ಅಲ್ಲ, ಅದನ್ನು ನಂಬಿ ಬೇರೆಲ್ಲೂ ಅಗೆಯಕೂಡದು. ಪಂಚಾಯ್ತಿ ಒಪ್ಪಿದ ಮೇಲೆ ಮರ ಕಡಿಸಲು ಏನು ಕಷ್ಟ? ಫೋನು ಕಡಿಯಿತು.

ಮರುದಿನ ವಾದಿರಾಜ ಕಟ್ಟೆಯ ಮೇಲೆ ನಿಂತು ಬಲಗೈ ಮುಂದೆ ಚಾಚಿ ಮುಷ್ಟಿ ಕಟ್ಟಿದ. ದಿಗಂತದ ಮೇಲೆ ಮುಷ್ಟಿ ಇಟ್ಟರೆ ಅದರ ಎತ್ತರ ಹತ್ತು ಡಿಗ್ರಿ. ಕೈ ಚಾಚಿಕೊಂಡೇ ನಿಧಾನವಾಗಿ ಒಂದು ಸುತ್ತು ತಿರುಗಿದ. ಮುಷ್ಟಿಯ ಮೇಲೆ ಕಂಡದ್ದೆಲ್ಲ ಹೋಗಬೇಕಾಗಿತ್ತು. ಹದಿನಾರೂ ಮರ ಕಂಡವು.

"ಒಮ್ಮೆಗೇ ಎಲ್ಲಾ ಬ್ಯಾಡ," ಎಂದ ಅವನು ಮೈಲಾರಲಿಂಗಪ್ಪನಿಗೆ. "ಉಪಗ್ರಹ ಉತ್ತರ ದಕ್ಷಿಣ ಹೋಗತಾವ. ಆ ಕಡೆಯವು ತಗದು ನೋಡೋಣ. ಲೆಕ್ಕ ಕೂಡಿದ್ರ ಉಳಿದವು ಉಳಿಲಿ." ಅವನ ಕೈಲಾದ ಉಪಕಾರ ಅಷ್ಟು.

ತಹಶೀಲ್ದಾರ ಕಚೇರಿಯಿಂದ ಕಾಗದ ಬಂತು. ಮೊದಲು ಬೇವು ಎರಡೂ ಬಿದ್ದವು, ಆಮೇಲೆ ಉತ್ತರದ ಹುಣಸೆಗಳು. ಹಳೆಯ ಹುಣಸೆ ಬೇಗ ಬೀಳುವುದಿಲ್ಲ. ಅದರ ತಿರುಳು ಕಬ್ಬಿಣದ ಹಾಗೆ. ಇಬ್ಬರು ಗರಗಸ ಎಳೆದರೆ ಒಂದು ಹೊತ್ತಿಗೆ ಒಂದು ಮರ. ಬಿದ್ದ ಮರದ ಮೇಲೆ ಮಂಗಗಳು ಬಂದು ಕುಳಿತು ಹೋದವು. ಕಟ್ಟೆಗೆ ಬಿಸಿಲು ಬಂತು. ಅಡಿವೆವ್ವ ಎಂದಿನಂತೆ ಬೆಳಿಗ್ಗೆ ಬಂದು, ಮುಕ್ಕಾಲಿಯ ಕಾಲಿನ ನಡುವೆ ಕೈ ತೂರಿಸಿ ದೇವಿಗೆ ನೀರು ಹಾಕಿ, ಉಳಿದ ಮರಗಳನ್ನು ಎಣಿಸಿ ಹೋಗುತ್ತಿದ್ದಳು. ಹತ್ತು ಉಳಿದರೂ ಮನೆ ನಡೆಯುತ್ತದೆ ಎಂದುಕೊಂಡಳು. ಆಮೇಲೆ, ಏಳು ಉಳಿದರೂ ಹೇಗೋ ಆದೀತು ಎಂದುಕೊಂಡಳು.

ಒಂದು ಮಧ್ಯಾಹ್ನ ಮಗನಿಗೆ ರೊಟ್ಟಿ ಕೊಟ್ಟು ತಿರುಗಿ ಹೋಗುವಾಗ ಚೌಡಪ್ಪ ಅವಳ ಜೊತೆ ನಡೆದ.

"ಅಡಿವೆವ್ವಾ, ಹೇಳಿಬಿಡು."

"ಹೇಳಿದ್ರ ಇದ್ದವೂ ಹೋಗ್ತಾವ."

"ಹೇಳದಿದ್ರೂ ಹೋಗಾಕತ್ತಾವಲ್ಲ."

"ಹೇಳಿದ್ರ ಎಲ್ಲಾ ಒಮ್ಮೆಗೇ ಹೋಗ್ತಾವ. ಹೇಳದಿದ್ರ ಒಂದೊಂದು ಹೋಗ್ತಾವ. ಯಾವದೋ ಒಂದರ ಹತ್ರ ನಿಂತೀತು." ಸೆರಗು ತಲೆಯ ಮೇಲೆ ಎಳೆದುಕೊಂಡಳು. "ಅಷ್ಟ ಸಂಕಟ ಆದ್ರ ನೀನ ಹೇಳಪಾ. ಹೊತ್ತವ ನೀನು."

"ನಾ ಕಾಲ ಕಡೆ ಹಿಡದಿದ್ದೆ. ತಲಿ ಕಡೆ ನಿಮ್ಮ ಮಾವ."

"ದೇವಿಗೆ ಕಾಲ ಎಲ್ಲ್ಯದಾವ?"

ಚೌಡಪ್ಪ ತನ್ನ ಮನೆಯ ದಾರಿಗೆ ತಿರುಗಿದ. ವರ್ಷಕ್ಕೊಂದು ಹುಣಸೆಮುದ್ದೆ ಅವನ ಮನೆಗೆ ತಪ್ಪದೆ ಹೋಗುತ್ತಿತ್ತು. ಅದನ್ನು ಯಾಕೆ ಕೊಡುತ್ತಾರೆ ಎಂದು ಇಬ್ಬರಿಗೂ ಗೊತ್ತಿತ್ತು.

ಉತ್ತರ ಮುಗಿಯಿತು, ದಕ್ಷಿಣ ಮುಗಿಯಿತು. ಯಂತ್ರ ಅರವತ್ತು ಮೀಟರನ್ನು ಬಿಟ್ಟು ಕದಲಲಿಲ್ಲ. ಪಶ್ಚಿಮದವು ಬಿದ್ದವು, ಪೂರ್ವದವು ಬಿದ್ದವು. ಪ್ರತಿ ಸಲವೂ ಯಂತ್ರ ಇನ್ನಷ್ಟು ಸರದಿಗಳನ್ನು ಒಪ್ಪಿ ಅದೇ ಮಾತನ್ನು ಇನ್ನಷ್ಟು ಖಚಿತವಾಗಿ ಹೇಳಿತು. ವಾದಿರಾಜ ಸವಣೂರಿನ ಮನೆಯಿಂದ ಕಟ್ಟಿ ತಂದಿದ್ದ ಅವಲಕ್ಕಿ ಮುಗಿದು ಖಲಾಸಿಗಳ ಅನ್ನ ಉಣ್ಣತೊಡಗಿದ್ದ. ಗಡ್ಡ ಬಂದಿತ್ತು. ತಪ್ಪು ಮರದ್ದಲ್ಲ ಎಂದು ಅವನಿಗೆ ಆಗಲೇ ಮುಕ್ಕಾಲು ಪಾಲು ಖಾತ್ರಿಯಾಗಿತ್ತು. ಆದರೆ ಒಂದು ಮರ ನಿಂತಿರುವ ತನಕ ಮೇಲಧಿಕಾರಿ ಆ ಮಾತು ಕೇಳುವುದಿಲ್ಲ ಎಂಬುದು ಪೂರ್ತಿ ಖಾತ್ರಿ ಇತ್ತು.

ಕೊನೆಗೆ ಒಂದು ಹುಣಸೆ ಉಳಿಯಿತು. ಕಟ್ಟೆಯ ಕಲ್ಲುಗಳನ್ನು ಬೇರಿನಲ್ಲಿ ಹಿಡಿದುಕೊಂಡು ನಿಂತದ್ದು, ಎಲ್ಲಕ್ಕಿಂತ ಹಳೆಯದು. ಅದರ ಬುಡಕ್ಕೆ ಫಕ್ಕೀರಪ್ಪ ಕೊಡಲಿ ತಂದು ನಿಂತಾಗ ಅಡಿವೆವ್ವ ಎದ್ದು ಬಂದಳು. ಮೈಲಾರಲಿಂಗಪ್ಪ ಅಲ್ಲೇ ಇದ್ದ, ಊರ ಹತ್ತಾರು ಜನ ಇದ್ದರು.

"ನಿಂದರು ಫಕ್ಕೀರಾ," ಎಂದಳು. ಆಮೇಲೆ ವಾದಿರಾಜನ ಕಡೆ ತಿರುಗಿದಳು. "ಸಾಹೇಬ್ರ, ಕಲ್ಲ ಇಲ್ಲಿದ್ದಲ್ಲ. ಮ್ಯಾಲ ದಿನ್ನಿ ನೆತ್ತಿಮ್ಯಾಲ ಇತ್ತು. ನಮ್ಮ ಮಾವ ಹೊತ್ತ ತಂದಾನ."

ಫಕ್ಕೀರಪ್ಪ ಕೊಡಲಿಯನ್ನು ನೆಲಕ್ಕೆ ಊರಿ ತಾಯಿಯ ಮುಖ ನೋಡಿದ. ವಾದಿರಾಜ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡ.

"ನಾ ಮೊದಲೇ ಕೇಳಿದ್ದೆನಲ್ಲ ಯವ್ವಾ. ಆಗ ಯಾಕ ಹೇಳಲಿಲ್ಲ?"

"ಆಗ ಗಿಡ ಇದ್ವಲ್ರಿ," ಎಂದಳು ಅಡಿವೆವ್ವ.

ಕಟ್ಟೆಯಿಂದ ಪಶ್ಚಿಮಕ್ಕೆ ಅರವತ್ತು ಮೀಟರು ಟೇಪು ಎಳೆದರು. ಅದು ನೆತ್ತಿಯ ಪೊದೆಯೊಳಗೆ ಹೋಗಿ ನಿಂತಿತು. ಲಂಟಾನ ಸವರಿ ಅಗೆದಾಗ ಎರಡು ಅಡಿ ಕೆಳಗೆ ಚೌಕದ ಕಲ್ಲು ಸಿಕ್ಕಿತು. ಮಣ್ಣು ಒರೆಸಿದರೆ ದುಂಡು ಗೆರೆ, ನಡುವೆ ಕುಳಿ. ಇದನ್ನು ಯಾರೂ ಪೂಜಿಸಿರಲಿಲ್ಲವಾದ್ದರಿಂದ ನಿನ್ನೆ ಕೊರೆದಂತೆ ಇತ್ತು. ಯಂತ್ರವನ್ನು ಮೇಲೆ ತಂದು ಇಟ್ಟರು. ಅಲ್ಲಿ ಮರವೇ ಇರಲಿಲ್ಲ, ಎಂದೂ ಇರಲಿಲ್ಲ. ನಾಲ್ಕು ದಿಕ್ಕಿಗೂ ಆಕಾಶ. ಎರಡು ದಿನದಲ್ಲಿ ಲೆಕ್ಕ ಕೂಡಿತು. ಯಂತ್ರ ಮೊದಲ ದಿನ ಹುಣಸೆಯ ದಟ್ಟ ನೆರಳಿನಲ್ಲಿ ಹೇಳಿದ್ದೂ ಸರಿಯೇ ಆಗಿತ್ತು.

ಕಲ್ಲನ್ನು ಕೆಳಗಿನಿಂದ ಕಿತ್ತು ಅದರ ಹಳೆಯ ಜಾಗಕ್ಕೆ ಒಯ್ಯುವಾಗ ಯಾರೂ ಅಡ್ಡ ಬರಲಿಲ್ಲ. ಹೊತ್ತು ತಂದದ್ದು ಎಂದ ಮೇಲೆ ಅದು ಸರಕಾರಿ ಕಲ್ಲು. ಖಲಾಸಿಗಳು ತಂತಿಯ ಬ್ರಷ್ ಹಾಕಿ ಅರಿಸಿನ ಕುಂಕುಮದ ಪದರು ತೆಗೆದರು. ಅದು ಹಕ್ಕಳೆಯಂತೆ ಎದ್ದು ಬಂತು. ನೆತ್ತಿಯ ಮೇಲೆ ಸಿಮೆಂಟು ಹಾಕಿ ನಿಲ್ಲಿಸಿದರು. ಫಕ್ಕೀರಪ್ಪನ ಕೂಲಿ ಅವತ್ತಿಗೆ ಮುಗಿಯಿತು. ವಾದಿರಾಜ ಹೋಗುವ ಮುಂಚೆ ಅಡಿವೆವ್ವನ ಮನೆಯ ಮುಂದೆ ಜೀಪು ನಿಲ್ಲಿಸಿದ. ಅವಳು ಒಳಗಿದ್ದಳು, ಹೊರಗೆ ಬರಲಿಲ್ಲ. ದುರಗವ್ವ ಬಾಗಿಲಲ್ಲಿ ನಿಂತು, "ಇನ್ನೇನರೆ ಕಡಿಯೂದ ಉಳದೈತೇನ್ರಿ?" ಎಂದಳು. ಅವನು ಇಲ್ಲ ಎಂದು ತಲೆಯಾಡಿಸಿ ಜೀಪು ಹತ್ತಿದ. ಮುಂದಿನ ಕಲ್ಲು ಶಿಗ್ಗಾವಿ ತಾಲೂಕಿನಲ್ಲಿತ್ತು.

ಪಂಚಾಯ್ತಿ ಸಭೆಯಲ್ಲಿ ಮೈಲಾರಲಿಂಗಪ್ಪ ಜೋರು ಮಾಡಲಿಲ್ಲ. ಕಟ್ಟಿಗೆಯನ್ನೂ ನಿಂತಿದ್ದ ಒಂದು ಮರವನ್ನೂ ಲಿಲಾವು ಮಾಡೋಣ ಎಂದ. ಒಬ್ಬ ಹಿರಿಯ, ದೇವಿಯ ನೆರಳು ಎಂದು ಶುರು ಮಾಡಿದ. "ಯಾವ ದೇವಿದು?" ಎಂದು ಮೈಲಾರಲಿಂಗಪ್ಪ ಕೇಳಿದ. ಹಿರಿಯ ಕುಳಿತುಬಿಟ್ಟ. ಹಸನಸಾಬನೇ ಲಿಲಾವು ಹಿಡಿದ. ಹುಣಸೆಯ ತಿರುಳು ಗಾಣಕ್ಕೂ ಒನಕೆಗೂ ಆಗುತ್ತದೆ. ಕೊನೆಯ ಮರವನ್ನು ಅವನು ಶಿಗ್ಗಾವಿಯ ಗರಗಸದವರಿಂದ ಕಡಿಸಿದ. ಫಕ್ಕೀರಪ್ಪನನ್ನು ಕರೆಯಲಿಲ್ಲ.

ಮುಂದಿನ ಸುಗ್ಗಿಯಿಂದ ಅತ್ತೆ ಸೊಸೆ ಹುಲಗೂರಿಗೆ ಹೋಗಿ ಹಸನಸಾಬನ ಅಂಗಳದಲ್ಲಿ ಬೇರೆ ಊರಿನ ಹುಣಸೆಯ ಬೀಜ ತೆಗೆಯತೊಡಗಿದರು. ಚೌಡಪ್ಪ ಆ ವರ್ಷ ಸಾರಿಗೆ ಹುಣಸೆಯನ್ನು ಅಂಗಡಿಯಿಂದ ತಂದ. ದಿನ್ನೆಯ ನೆತ್ತಿಯ ಕಲ್ಲಿಗೆ ದನಕಾಯುವವರೂ ಕುಂಕುಮ ಹಚ್ಚಲಿಲ್ಲ. ಅದರ ಮೇಲೆ ಸರಕಾರದವರು ನಂಬರು ಬರೆದಿದ್ದರು.

ಹೋದದ್ದು ಇಷ್ಟು: ಹುಣಸೆ ಹದಿನಾಲ್ಕು, ಬೇವು ಎರಡು, ದೇವಿ ಒಂದು.